ಸುಮ್ಮನೆ ಒಂದು ಸಹಿ

ಊರಾಚೆಯ ಖಾಲಿ ಬಯಲಿಗೆ ಬೇಲಿ ಬಿದ್ದು, ಟಾರು ರಸ್ತೆ ಬಂದು, ಸಾಲಾಗಿ ನಲವತ್ತು ತಗಡಿನ ಶೆಡ್ಡುಗಳು ಎದ್ದು ನಿಂತ ವರ್ಷವೇ ಮೋಟಾರ್ ಮೇಷ್ಟ್ರ ಮನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಜಗಳ ಹತ್ತಿಕೊಳ್ಳುವ ಅಭ್ಯಾಸ ಶುರುವಾಯಿತು.

ಮೇಷ್ಟ್ರು ಅಂದರೆ ಪಾಠ ಹೇಳಿದವರಲ್ಲ. ಅವರು ಸುಟ್ಟ ಮೋಟಾರುಗಳ ರಿಪೇರಿ ಅಂಗಡಿ ಇಟ್ಟು ಮೂವತ್ತೆಂಟು ವರ್ಷವಾಗಿತ್ತು. ನೀರಿನ ಪಂಪೋ, ಹಿಟ್ಟಿನ ಗಿರಣಿಯೋ, ಮರ ಕೊಯ್ಯುವ ಯಂತ್ರವೋ, ಯಾವುದು ಹೊಗೆ ಬಿಟ್ಟರೂ ಊರಿನವರು ‘ಮೇಷ್ಟ್ರ ಹತ್ರ ಒಯ್ಯಿ’ ಅನ್ನುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಮೇಷ್ಟ್ರೂ ಮಗನೂ ಮೋಟಾರು ಬಿಚ್ಚಿ, ಒಳಗಿನ ಕಬ್ಬಿಣದ ಬಳೆಯನ್ನು ಹಿಂದಿನ ಕೋಣೆಗೆ ಕಳಿಸುತ್ತಿದ್ದರು. ಕರಕಲಾದ ಹಳೇ ಸುರುಳಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಬಳೆಯ ಒಂದೊಂದು ಸಂದಿಗೂ ಕಾಗದ ಹಾಸಿ, ಸುರುಳಿ ಕೂರಿಸಿ, ದಾರ ಬಿಗಿದು, ವಾರ್ನಿಷ್ ಹೊಯ್ದು ಒಣಗಿಸುವುದು ಆ ಕೋಣೆಯ ಕೆಲಸ. ಮೋಟಾರಿಗೆ ಜೀವ ಬರುತ್ತಿದ್ದದ್ದೇ ಅಲ್ಲಿ. ಮೊದಲ ಇಪ್ಪತ್ತೇಳು ವರ್ಷ ಆ ಕೆಲಸ ಮಾಡಿದವಳು ಮೇಷ್ಟ್ರ ಹೆಂಡತಿ. ಬೀದಿಗೆಲ್ಲ ಆಕೆ ದೊಡ್ಡಮ್ಮ. ಕಣ್ಣಿಗೆ ಪೊರೆ ಬಂದು ತಂತಿ ಕಾಣದಾದ ಮೇಲೆ, ಹನ್ನೊಂದು ವರ್ಷದಿಂದ ಸೊಸೆ ಮಾಡುತ್ತಿದ್ದಳು. ಗಿರಾಕಿಗಳು ಯಾರೂ ಹಿಂದಿನ ಕೋಣೆ ಕಂಡವರಲ್ಲ. ‘ನಿಮ್ಮ ಕೈಗುಣಾನೇ ಕೈಗುಣ ಮೇಷ್ಟ್ರೇ’ ಅಂತ ಹೊಗಳಿ ಹೋಗುತ್ತಿದ್ದರು. ಮೇಷ್ಟ್ರು ಮೀಸೆಯಡಿಯಲ್ಲೇ ನಗುತ್ತಿದ್ದರು.

ಆವತ್ತು ಮಧ್ಯಾಹ್ನ ಮಗ ಕೈ ತೊಳೆಯುವ ಮೊದಲೇ ಒಂದು ಅರ್ಜಿ ತಂದು ಹೆಂಡತಿಯ ತಟ್ಟೆಯ ಪಕ್ಕ ಇಟ್ಟ.

“ಇಲ್ಲಿ, ಆಮೇಲೆ ಇಲ್ಲಿ. ಸುಮ್ಮನೆ ಒಂದು ಸಹಿ ಹಾಕು.”

“ಏನಿದು?”

“ಹೊಸ ಶೆಡ್ಡುಗಳಲ್ಲಿ ಹನ್ನೆರಡನ್ನ ಹೆಂಗಸರಿಗೆ ಅಂತಲೇ ಸರ್ಕಾರದೋರು ಎತ್ತಿಟ್ಟಿದಾರೆ. ಬಾಡಿಗೆ ಅರ್ಧಕ್ಕರ್ಧ. ನಿನ್ನ ಹೆಸರಲ್ಲಿ ತಗೊಂಡ್ರೆ ನಾವು ಅಲ್ಲಿ ದೊಡ್ಡದಾಗಿ ಶುರು ಮಾಡಬಹುದು.”

“ಊರು ಬೆಳೀತಾ ಇದೆ ಕಣಮ್ಮ,” ಎಂದರು ಮೇಷ್ಟ್ರು, ಅನ್ನ ಕಲಸುತ್ತ. “ಈ ಇಕ್ಕಟ್ಟಲ್ಲೇ ಕೂತ್ರೆ ನಾವು ಇಲ್ಲೇ ಕೊಳೀತೀವಿ. ಬೇಗ ಹಾಕು. ನಾಲ್ಕಕ್ಕೆ ಆಫೀಸು ಮುಚ್ಚುತ್ತೆ.”

ಸೊಸೆ ಎಡಗೈಯಲ್ಲಿ ಅರ್ಜಿ ಎತ್ತಿಕೊಂಡು ಓದತೊಡಗಿದಳು. ಅವಳು ಓದಿದ್ದು ಹತ್ತನೇ ತರಗತಿವರೆಗೆ. ಆದರೆ ಓದಿದರೆ ಪೂರ್ತಿ ಓದುವ ಜಾತಿ.

“ವೃತ್ತಿ: ಗೃಹಿಣಿ. ಕೆಲಸದ ಅನುಭವ: ಇಲ್ಲ.” ಜೋರಾಗಿಯೇ ಓದಿದಳು. “ಇದನ್ನ ಬರೆದೋರು ಯಾರು?”

“ನಾನೇ. ಅದೊಂದು ಕಾಗದ ಅಷ್ಟೆ. ಯಾರು ಓದ್ತಾರೆ?”

“ನಾನು ಓದಿದ್ನಲ್ಲ.”

ಎದ್ದು ಕೈ ತೊಳೆದು ಬಂದಳು. ಗಂಡನ ಜೇಬಿನಿಂದಲೇ ಪೆನ್ನು ತೆಗೆದು ಎರಡೂ ಸಾಲಿಗೆ ಗೆರೆ ಎಳೆದಳು. ಮೇಲೆ ದುಂಡಗೆ ಬರೆದಳು: ಮೋಟಾರ್ ರಿವೈಂಡಿಂಗ್. ಹನ್ನೊಂದು ವರ್ಷ. ಆಮೇಲೆ ಸಹಿ ಹಾಕಿದಳು.

“ಅರ್ಜಿ ಗಲೀಜು ಮಾಡಿಬಿಟ್ಯಲ್ಲ!” ಎಂದ ಮಗ.

ದೊಡ್ಡಮ್ಮನಿಗೆ ಸೊಸೆಯ ಮೇಲೇ ಸಿಟ್ಟು ಬಂತು. ಊಟದ ಮಧ್ಯೆ ಎದ್ದು ಇಷ್ಟು ದೊಡ್ಡಸ್ತಿಕೆ ಯಾಕೆ ಬೇಕಿತ್ತು? “ಆಯ್ತಲ್ಲ, ಇನ್ನು ಉಣ್ಣು. ಅನ್ನ ಆರಿಹೋಯ್ತು,” ಅಂತ ಗದರಿದಳು.

ಮೂರು ವಾರಕ್ಕೆ ಸಂದರ್ಶನಕ್ಕೆ ಕರೆ ಬಂತು. ಜೊತೆಯಲ್ಲಿ ಹಿರಿಯರಿದ್ದರೆ ಚೆನ್ನ ಅಂತ ಮಗ ತಾಯಿಯನ್ನೂ ಕರೆದೊಯ್ದ. ದಾರಿಯುದ್ದಕ್ಕೂ ಹೆಂಡತಿಗೆ ಒಂದೇ ಪಾಠ: “ಏನು ಕೇಳಿದ್ರೂ ಹೌದು ಮೇಡಂ ಅನ್ನು. ಉಳಿದಿದ್ದು ನಾನು ನೋಡ್ಕೋತೀನಿ.”

ಮೇಜಿನಾಚೆ ಕೂತಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಬೆಳಗಿನಿಂದ ಕೂತು ಸುಸ್ತಾದ ಮುಖ.

“ನಿಮಗಿಂತ ಮೊದಲು ಒಂಬತ್ತು ಜನ ಬಂದ್ರು,” ಎಂದಳು. “ತಮ್ಮ ಶೆಡ್ಡಲ್ಲಿ ಏನು ತಯಾರಾಗುತ್ತೆ ಅಂತ ಏಳು ಜನಕ್ಕೆ ಗೊತ್ತಿಲ್ಲ. ನೀವು ಹೇಳಿ. ಸುಟ್ಟ ಮೋಟಾರು ಬಂದ್ರೆ ಮೊದಲು ಏನು ಮಾಡ್ತೀರಿ?”

“ಮೇಡಂ, ಅದು ಏನಂದ್ರೆ...” ಅಂತ ಮಗ ಹಿಂದಿನಿಂದ ಬಾಯಿ ಹಾಕಿದ.

“ನಿಮ್ಮನ್ನ ಕೇಳಲಿಲ್ಲ. ಹೊರಗೆ ಬೆಂಚಿದೆ.”

ಅವನು ಹೋದ. ಸೊಸೆ ಹೇಳಿದಳು: “ಮೊದಲು ಮೂಸಿ ನೋಡ್ತೀನಿ ಮೇಡಂ.”

ಅಧಿಕಾರಿ ತಲೆಯೆತ್ತಿದಳು.

“ಸುಟ್ಟ ವಾಸನೆ ಎಲ್ಲ ಒಂದೇ ಥರ ಇರಲ್ಲ. ನೀರು ನುಗ್ಗಿ ಸುಟ್ಟಿದ್ದೇ ಬೇರೆ, ಭಾರ ಹೆಚ್ಚಾಗಿ ಸುಟ್ಟಿದ್ದೇ ಬೇರೆ. ಆಮೇಲೆ ಹಳೇ ಸುರುಳಿ ಬಿಚ್ಚಿ ಎಷ್ಟು ಸುತ್ತಿದೆ ಅಂತ ಎಣಿಸ್ತೀನಿ. ಐವತ್ತಾರು ಅಂದ್ರೆ ಐವತ್ತಾರೇ. ಸುತ್ತು ಕಮ್ಮಿ ಮಾಡಿ ತಂತಿ ಉಳಿಸೋಕೆ ಹೋದ್ರೆ ಮೋಟಾರು ಬಿಸಿಯಾಗಿ ಆರು ತಿಂಗಳಲ್ಲಿ ವಾಪಸ್ ಬರುತ್ತೆ.”

“ಯಾರು ಕಲಿಸಿದ್ದು?”

“ನಮ್ಮತ್ತೆ. ಇಲ್ಲೇ ಕೂತಿದಾರಲ್ಲ.”

ಅಧಿಕಾರಿಯ ನೋಟ ದೊಡ್ಡಮ್ಮನ ಕಡೆ ಹೊರಳಿತು. “ನೀವಾ? ಎಷ್ಟು ವರ್ಷ ಮಾಡಿದ್ರಿ?”

ಜೀವಮಾನದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ದೊಡ್ಡಮ್ಮ ಗಲಿಬಿಲಿಗೊಂಡು ಸೆರಗು ಎಳೆದುಕೊಂಡಳು. “ಅಯ್ಯೋ, ಅದು ನಮ್ಮ ಯಜಮಾನ್ರ ಕೆಲಸ. ನಾನು ಸುಮ್ಮನೆ ಕೈ ಜೋಡಿಸ್ತಿದ್ದೆ ಅಷ್ಟೆ.”

ಮೆಟ್ಟಿಲು ಇಳಿಯುವಾಗ ಸೊಸೆ ಕೈ ಹಿಡಿಯಲು ಬಂದರೆ ದೊಡ್ಡಮ್ಮ ಕೊಸರಿಕೊಂಡಳು. ಸಿಟ್ಟು ಯಾರ ಮೇಲೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಶೆಡ್ಡು ಸಿಕ್ಕಿತು. ಮೇಷ್ಟ್ರು ಬೀದಿಯಲ್ಲಿ ನಾಲ್ಕು ಜನಕ್ಕೆ ‘ನಂದೊಂದು ಬ್ರಾಂಚು’ ಅಂದರು. ಮಗನ ಲೆಕ್ಕಾಚಾರ ಹೀಗಿತ್ತು: ಶೆಡ್ಡಿನ ಕುರ್ಚಿಯಲ್ಲಿ ತಾನು ಕೂರುವುದು, ಹೆಂಡತಿ ಎಂದಿನಂತೆ ಮನೆಯ ಹಿಂದಿನ ಕೋಣೆಯಲ್ಲಿ ತಂತಿ ಸುತ್ತುವುದು, ಸುತ್ತಿದ್ದನ್ನು ಸ್ಕೂಟರಿನಲ್ಲಿ ಸಾಗಿಸುವುದು. ಆದರೆ ಮೊದಲ ಸೋಮವಾರವೇ ಸೊಸೆ ಎಂಟೂವರೆಗೆ ಚಪ್ಪಲಿ ಮೆಟ್ಟಿ, ಊಟದ ಡಬ್ಬಿ ಹಿಡಿದು ಹೊಸಿಲಲ್ಲಿ ನಿಂತಳು. ತಂತಿ ಸುತ್ತುವ ಚರಕ, ಕತ್ತರಿ, ದಾರದ ಉಂಡೆ, ಒಣಗಿಸುವ ತಗಡಿನ ಪೆಟ್ಟಿಗೆ, ಎಲ್ಲವನ್ನೂ ಹಿಂದಿನ ದಿನವೇ ಆಟೋದಲ್ಲಿ ಸಾಗಿಸಿಯಾಗಿತ್ತು.

“ಅಡುಗೆ?” ಎಂದಳು ದೊಡ್ಡಮ್ಮ.

“ಅನ್ನ, ಪಲ್ಯ ಆಗಿದೆ. ಸಂಜೆದು ಬಂದು ಮಾಡ್ತೀನಿ.”

“ಹನ್ನೊಂದು ಗಂಟೆ ಚಹಾ?” ಎಂದರು ಮೇಷ್ಟ್ರು.

“ಸಕ್ಕರೆ ಡಬ್ಬಿ ಎರಡನೇ ಕಪಾಟಲ್ಲಿದೆ ಮಾವ.”

ಮೇಷ್ಟ್ರು ಆ ದಿನ ಉಪ್ಪು ಹಾಕಿದ ಚಹಾ ಕುಡಿದರು. ಮೊಮ್ಮಗಳು ಶಾಲೆಯಿಂದ ಬಂದು ಕೇಳಿ ನಕ್ಕು ನಕ್ಕು ಬಿಕ್ಕಳಿಸಿದಳು. ಉಳಿದ ಕೆಲಸವೆಲ್ಲ ದೊಡ್ಡಮ್ಮನ ಮೊಣಕಾಲಿನ ಮೇಲೆ ಬಿತ್ತು. ಪಾತ್ರೆ, ಬಟ್ಟೆ, ಅಂಗಡಿಗೆ ಬಂದವರಿಗೆ ನೀರು. ಹತ್ತು ದಿನ ತಡೆದುಕೊಂಡು ಹನ್ನೊಂದನೇ ದಿನ ಸೊಸೆಯನ್ನು ಹಿತ್ತಲಲ್ಲಿ ತಡೆದಳು.

“ನನ್ನ ಕೈಲಾಗಲ್ಲ ಕಣೇ. ಮನೇಲೇ ಕೂತು ಸುತ್ತು, ಅವನು ಒಯ್ತಾನೆ. ನಾನೂ ಇಪ್ಪತ್ತೇಳು ವರ್ಷ ಹಾಗೇ ಮಾಡಲಿಲ್ವಾ? ಒಂದು ಕೈಲಿ ತಂತಿ, ಒಂದು ಕೈಲಿ ಸೌಟು. ನಿನ್ನ ಗಂಡನ್ನ ಹೆತ್ತ ಹದಿನೆಂಟನೇ ದಿನಕ್ಕೆ ಹೋಗಿ ಕೂತಿದ್ದೆ, ಗೊತ್ತಾ?”

“ನನಗೆ ಗೊತ್ತು ಅತ್ತೆ. ಇನ್ಯಾರಿಗೆ ಗೊತ್ತು?”

“ಗೊತ್ತಾಗಿ ಏನು, ನನಗೆ ಹಾರ ಹಾಕ್ತಿದ್ರಾ?”

“ಹಾರ ಬೇಡ. ಕಣ್ಣಿನ ಆಪರೇಷನ್ ಮಾಡಿಸಿ ಅಂತ ಮಾವನ್ನ ಎಷ್ಟು ಸಲ ಕೇಳಿದೀರಿ?”

ದೊಡ್ಡಮ್ಮ ನಾಲ್ಕು ಸಲ ಕೇಳಿದ್ದಳು. ನಾಲ್ಕು ಸಲವೂ ‘ಮುಂದಿನ ತಿಂಗಳು ನೋಡೋಣ’ ಅನ್ನುವ ಉತ್ತರ ಬಂದಿತ್ತು. ಸೊಸೆ ಬಕೆಟ್ಟು ಅವಳ ಕೈಯಿಂದ ತಗೊಂಡು, ಇದ್ದ ಬಟ್ಟೆಯನ್ನೆಲ್ಲ ಒಗೆದು ಹರವಿ, ಆಮೇಲೆ ಶೆಡ್ಡಿಗೆ ಹೋದಳು. ಮರುದಿನ ದೊಡ್ಡಮ್ಮ ಮಗನ ಬಟ್ಟೆ, ಮೇಷ್ಟ್ರ ಬಟ್ಟೆ ಬೇರೆ ಎತ್ತಿಟ್ಟು, “ನಿಮ್ಮದು ನೀವೇ ಹಿಂಡ್ಕೊಳ್ಳಿ,” ಅಂದಳು.

ಶೆಡ್ಡುಗಳ ಸಾಲಿನ ಕೊನೆಯಲ್ಲಿ ದೊಡ್ಡದೊಂದು ಎಣ್ಣೆ ಕಾರ್ಖಾನೆ ಬಂದಿತ್ತು. ಅಲ್ಲಿ ಅರವತ್ತು ಮೋಟಾರು. ವರ್ಷಪೂರ್ತಿ ರಿಪೇರಿಗೆ ಒಬ್ಬರನ್ನೇ ಗೊತ್ತು ಮಾಡುತ್ತಾರೆ ಅಂತ ಸುದ್ದಿ ಹಬ್ಬಿತು. ನಗರದಿಂದ ಒಬ್ಬ ಆಗಲೇ ದರ ಕೊಟ್ಟಿದ್ದ. ಮಗ ನಾಲ್ಕು ದಿನ ಊಟ ನಿದ್ದೆ ಬಿಟ್ಟು ಓಡಾಡಿ, ಐದನೇ ದಿನ ದರಪಟ್ಟಿ ತಯಾರಿಸಿ ತಂದ. ಮತ್ತೆ ಊಟದ ಹೊತ್ತು. ಮತ್ತೆ ತಟ್ಟೆ ಪಕ್ಕದಲ್ಲಿ ಕಾಗದ.

ಸೊಸೆ ಮತ್ತೆ ಪೂರ್ತಿ ಓದಿದಳು. “ಇಷ್ಟು ಕಮ್ಮಿ ಬೆಲೆಗೆ ಹೇಗೆ ಆಗುತ್ತೆ? ತಂತಿಗೇ ಸಾಲಲ್ಲ ಇದು.”

“ಅಲ್ಯೂಮಿನಿಯಂ ತಂತಿ ಹಾಕೋಣ. ಮೇಲೆ ಬಳಿದಿರೋ ಬಣ್ಣದಲ್ಲಿ ತಾಮ್ರದ ಥರಾನೇ ಕಾಣುತ್ತೆ.”

“ಇಲ್ಲಿ ತಾಮ್ರ ಅಂತ ಬರೆದಿದೀರಿ.”

“ಮೋಟಾರು ಮುಚ್ಚಿದ ಮೇಲೆ ಒಳಗೆ ಯಾರು ನೋಡ್ತಾರೆ? ನಗರದವನೂ ಅದನ್ನೇ ಹಾಕೋದು. ಈ ಗಿರಾಕಿ ಕೈತಪ್ಪಿದ್ರೆ ಶೆಡ್ಡಲ್ಲಿ ನೊಣ ಹೊಡೀತಾ ಕೂರ್ಬೇಕು ನೋಡು!”

“ಬ್ಲೇಡಲ್ಲಿ ಒಂದು ಗೀರು ಎಳೆದ್ರೆ ಬೆಳ್ಳಗೆ ಹಲ್ಲು ಕಿರಿಯುತ್ತೆ ಅದು. ಆಗ ಹಿಡಿಯೋದು ಯಾರನ್ನ? ಕೆಳಗೆ ಸಹಿ ಯಾರದು?”

ಮೇಷ್ಟ್ರು ತಟ್ಟೆ ದೂಡಿದರು. “ಸಹಿ ಒಂದೇ ನಿಂದು. ವ್ಯಾಪಾರ ನಮ್ಮದು.”

“ಹಾಗಾದ್ರೆ ವ್ಯಾಪಾರ ನಿಮ್ಮ ಹತ್ರ ಇಟ್ಕೊಳ್ಳಿ ಮಾವ. ಸಹಿ ನನ್ನ ಹತ್ರ ಇರುತ್ತೆ.”

ಆಮೇಲಿನ ಎಂಟು ದಿನ ಮನೆ ಮನೆಯಂತಿರಲಿಲ್ಲ. ಮಗ ಹೋಟೆಲಿನಲ್ಲಿ ತಿಂದು ಬರತೊಡಗಿದ. ಹೇಳಬೇಕಾದ್ದನ್ನೆಲ್ಲ ಮಗಳ ಮೂಲಕ ಹೇಳಿಸುತ್ತಿದ್ದ. “ನಿಮ್ಮಮ್ಮನ್ನ ಕೇಳು, ನನ್ನ ಟವೆಲ್ ಎಲ್ಲಿ ಅಂತ.”

“ಅಮ್ಮ ಇಲ್ಲೇ ನಿಂತಿದಾಳಲ್ಲಪ್ಪ,” ಎಂದಳು ಆ ಹುಡುಗಿ, ಪುಸ್ತಕದಿಂದ ಕಣ್ಣೆತ್ತದೆ. “ನೀವೇ ಕೇಳಿ. ನನಗೆ ನಾಳೆ ಪರೀಕ್ಷೆ.”

ಒಂಬತ್ತನೇ ದಿನ ಸಂಜೆ ಮೇಷ್ಟ್ರು ಹೆಂಡತಿಯನ್ನು ಕೂಗಿದರು. ದನಿಯಲ್ಲಿ ಬೆಣ್ಣೆ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಇಷ್ಟು ವರ್ಷದ ಸಂಸಾರದಲ್ಲಿ ಕೇಳದೆ ಹಣ್ಣು ತಂದದ್ದು ಇದೇ ಮೊದಲು ಅಂತ ದೊಡ್ಡಮ್ಮ ಒಳಗೊಳಗೇ ಹುಷಾರಾದಳು. ಮಗ ಕಂಬಕ್ಕೊರಗಿ ನಿಂತಿದ್ದ. ಸೊಸೆ ಅಡುಗೆಮನೆಯ ಬಾಗಿಲಲ್ಲಿದ್ದಳು.

“ಕೂತ್ಕೊ,” ಎಂದರು ಮೇಷ್ಟ್ರು. “ವಿಚಾರಿಸಿದೆ. ಒಂದೇ ಮನೆಯ ಇನ್ನೊಬ್ಬ ಹೆಂಗಸಿನ ಹೆಸರಿಗೆ ಶೆಡ್ಡು ಬದಲಾಯಿಸಬಹುದಂತೆ. ಇವಳು ಬಿಟ್ಟುಕೊಡ್ಲಿ, ನೀನು ತಗೋ. ನೀನೇನೂ ಮಾಡೋದು ಬೇಡ. ಸುಮ್ಮನೆ ಒಂದು ಸಹಿ.”

“ನೀನೇನಂತೀಯ?” ಅಂತ ಮಗ ಹೆಂಡತಿಯ ಕಡೆ ಗದ್ದ ಎತ್ತಿದ.

ಸೊಸೆ ಕೂಗಾಡುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಕೈ ಒರೆಸಿಕೊಂಡು ಮುಂದೆ ಬಂದಳು.

“ಅತ್ತೆ ಹೆಸರಿಗೆ ಅಂದ್ರೆ ನನ್ನದೇನೂ ಅಡ್ಡಿ ಇಲ್ಲ. ನನಗಿಂತ ಮೊದಲು ಅದು ಅವರಿಗೇ ಸೇರಬೇಕಾದ್ದು. ಅವರು ಮನಸಾರೆ ಸಹಿ ಹಾಕಿದ್ರೆ ಈಗಲೇ ಬಿಟ್ಟುಕೊಡ್ತೀನಿ.”

ಮೇಷ್ಟ್ರ ಮುಖ ಅರಳಿತು. ಪೆನ್ನಿನ ಮುಚ್ಚಳ ತಾವೇ ತೆಗೆದು ಕೊಟ್ಟರು. ದೊಡ್ಡಮ್ಮ ಪೆನ್ನು ಹಿಡಿದು ಕೂತಳು. ಕಾಗದ ಅವಳ ಕಣ್ಣಿಗೆ ಬರೀ ಮಸುಕು ಬಿಳುಪು.

“ನಾನು ಸಹಿ ಹಾಕಿದ್ರೆ ಶೆಡ್ಡು ನಂದಾ?”

“ಕಾಗದದ ಮೇಲೆ ನಿಂದೇ.”

“ಹಾಗಾದ್ರೆ ಯಾವ ತಂತಿ ಹಾಕಬೇಕು ಅಂತ ಹೇಳೋಳು ನಾನಾ?”

ಮೇಷ್ಟ್ರು ನಕ್ಕರು. “ನಿನಗ್ಯಾಕೆ ಆ ತಲೆನೋವು?”

“ಯಾಕಂದ್ರೆ ಇಪ್ಪತ್ತೇಳು ವರ್ಷ ನಾನು ಸುತ್ತಿದ ಒಂದು ಮೋಟಾರಲ್ಲೂ ಸುಳ್ಳು ತಂತಿ ಇರಲಿಲ್ಲ.”

“ನೀನು ಸುತ್ತಿದ್ದು!” ಮೇಷ್ಟ್ರ ದನಿಯ ಬೆಣ್ಣೆ ಕರಗಿತು. “ಅಂಗಡಿ ನಂದು, ಕೆಲಸ ನಂದು. ನೀನು ಸುಮ್ಮನೆ ಕೈ ಜೋಡಿಸ್ತಿದ್ದೆ ಅಷ್ಟೆ.”

ಇದೇ ಮಾತನ್ನು ಆ ಆಫೀಸಿನಲ್ಲಿ ದೊಡ್ಡಮ್ಮ ತಾನೇ ಆಡಿದ್ದಳು. ಅವರ ಬಾಯಲ್ಲಿ ಕೇಳಿದಾಗ ಮೈಗೆ ಬಿಸಿನೀರು ಎರಚಿದಂತಾಯಿತು.

“ಹೌದಾ?” ಎಂದಳು. “ಹಾಗಾದ್ರೆ ಹೇಳಿ ನೋಡೋಣ. ಗಿರಣಿಯ ಮೋಟಾರಿಗೆ ಸುರುಳಿಗೆ ಎಷ್ಟು ಸುತ್ತು? ಮೊದಲನೇ ಸಂದಿಯಲ್ಲಿ ಇಳಿದ ತಂತಿ ಮೇಲೆ ಬರೋದು ಯಾವ ಸಂದಿಯಲ್ಲಿ? ಅಷ್ಟು ಹೇಳಿಬಿಡಿ, ಈಗಿಂದೀಗಲೇ ಸಹಿ ಹಾಕ್ತೀನಿ.”

ಮೇಷ್ಟ್ರು ಮಗನ ಕಡೆ ನೋಡಿದರು. ಮಗ ನೆಲ ನೋಡುತ್ತಿದ್ದ, ಅವನಿಗೂ ಗೊತ್ತಿರಲಿಲ್ಲ.

“ನನ್ನ ಮಾತು ಮೀರಿ ಈ ಮನೇಲಿ ಇರ್ತೀಯಾ?” ಅಂತ ಕೊನೆಗೆ ಗುಡುಗಿದರು.

“ಇರ್ತೀನಿ. ಈ ಮನೆ ಯಾರ ಕೈಯಿಂದ ನಿಂತಿದೆ ಅಂತ ಈಗ ತಾನೇ ಎಲ್ಲರಿಗೂ ಗೊತ್ತಾಯ್ತಲ್ಲ. ನಾನ್ಯಾಕೆ ಹೋಗಲಿ?”

ಪೆನ್ನಿಗೆ ಮುಚ್ಚಳ ಹಾಕಿ ಗಂಡನ ಮುಂದಿಟ್ಟಳು. ಒಂದು ಬಾಳೆಹಣ್ಣು ಮುರಿದು ಮೊಮ್ಮಗಳಿಗೆ ಕೊಟ್ಟಳು, ಇನ್ನೊಂದನ್ನು ಸುಲಿದು ತಾನೇ ತಿಂದಳು.

ಮರುದಿನ ಸೊಸೆ ತಾಮ್ರದ ತಂತಿಯ ದರಪಟ್ಟಿಯನ್ನು ಕೈಯಾರೆ ಬರೆದು ಎಣ್ಣೆ ಕಾರ್ಖಾನೆಗೆ ಒಯ್ದಳು. ಮ್ಯಾನೇಜರು ನೋಡಿ ನಕ್ಕ. “ಇಷ್ಟಕ್ಕೆ ಹೊಸ ಮೋಟಾರೇ ಬರುತ್ತಲ್ಲಮ್ಮ.” ಕೆಲಸ ನಗರದವನ ಪಾಲಾಯಿತು. ಅವನು ಸುತ್ತಿದ ಮೋಟಾರುಗಳು ಸುಟ್ಟುಹೋದವೋ ಚೆನ್ನಾಗಿಯೇ ಓಡಿದವೋ, ಇವರಿಗೆ ಕೊನೆಗೂ ತಿಳಿಯಲಿಲ್ಲ. ಆದರೆ ಆ ಸಾಲಿನಲ್ಲಿ ಇನ್ನೂ ಶೆಡ್ಡುಗಳಿದ್ದವಲ್ಲ. ರಟ್ಟಿನ ಪೆಟ್ಟಿಗೆ ಮಾಡುವ ಹೆಂಗಸೊಬ್ಬಳು ಮೊದಲು ಒಂದು ಮೋಟಾರು ತಂದಳು. ಸೊಸೆ ತಂತಿಗೆ ಅವಳೆದುರೇ ಬ್ಲೇಡಿನ ಗೀರೆಳೆದು ಒಳಗಿನ ಕೆಂಪು ತೋರಿಸಿ, ಆಮೇಲೆ ಸುತ್ತಿದಳು. ಆ ಹೆಂಗಸು ಅದನ್ನು ಐಸ್ ಕಾರ್ಖಾನೆಯವನಿಗೆ ಹೇಳಿದಳು. ಅವನು ಮೂರು ತಂದ. ಹೀಗೆ ಒಂದೊಂದೇ.

ಎರಡು ವಾರ ಮುಖ ಊದಿಸಿಕೊಂಡಿದ್ದ ಮಗ ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಒಳಗೆ ಹೆಂಡತಿ ಮೊಣಕಾಲಲ್ಲಿ ಮೋಟಾರು ಒತ್ತಿ ಹಿಡಿದು ಬೇರಿಂಗ್ ಕೀಳಲು ಒದ್ದಾಡುತ್ತಿದ್ದಳು.

“ಬಿಚ್ಚೋಕೆ ಯಾರಿದಾರೆ ಇಲ್ಲಿ?”

“ಯಾರೂ ಇಲ್ಲ.”

“ಕೊಡು ಇತ್ತ. ಹಾಳು ಮಾಡ್ತೀಯ.”

“ತಗೊಳ್ಳಿ. ಆದರೆ ತಂತಿ ತರೋದು ನಾನೇ. ಬೆಲೆ ಹೇಳೋದೂ ನಾನೇ.”

ಅವನು ಸ್ಪ್ಯಾನರನ್ನು ಅಂಗೈಯಲ್ಲಿ ತೂಗಿ ನೋಡಿದ. “ಆಯ್ತು ತಾಯಿ,” ಅಂದು ಅಂಗಿಯ ತೋಳು ಮಡಚಿದ.

ಶೆಡ್ಡಿನ ಮೂರನೇ ತಿಂಗಳ ಸಂಪಾದನೆಯಲ್ಲಿ ದೊಡ್ಡಮ್ಮನ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೆ ಇನ್ನೂ ಸಮಯವಿತ್ತು. ಒಂದು ಕಣ್ಣು ಸಾಕು ಅಂತ ಅವಳು ದಿನಾ ಬೆಳಿಗ್ಗೆ ಸೊಸೆಯ ಜೊತೆ ಹೊರಡತೊಡಗಿದಳು. ಶೆಡ್ಡಿನಲ್ಲಿ ಕೆಲಸ ಕಲಿಯಲು ಇಬ್ಬರು ಹೆಂಗಸರು ಸೇರಿದ್ದರು. ಅವರಿಗೆ ಕಲಿಸುವವಳು ಅವಳೇ. ಬೈಗುಳವೂ ಅವಳದೇ. “ಅದೇನು ಜಡೆ ಹೆಣೆದಂಗೆ ಹೆಣೀತಿದೀಯಾ? ಒತ್ತಿ ಕೂರಿಸು!” ಮೇಷ್ಟ್ರು ಹಳೇ ಅಂಗಡಿಯಲ್ಲಿ ಒಬ್ಬರೇ ಕೂರುತ್ತಿದ್ದರು. ಮಧ್ಯಾಹ್ನ ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಶೆಡ್ಡಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅವರು ಅಲ್ಲಿಗೆ ಬಂದದ್ದು ಫೋಟೋಗ್ರಾಫರ್ ಬಂದ ದಿನ. ಊರಿನ ಬೆಳವಣಿಗೆ ಬಗ್ಗೆ ಪುಸ್ತಕ ತರುತ್ತಾರಂತೆ, ಹೆಂಗಸರ ಶೆಡ್ಡುಗಳ ಫೋಟೋ ಬೇಕಂತೆ ಅಂತ ಆಫೀಸಿನಿಂದ ಹೇಳಿ ಕಳಿಸಿದ್ದರು. ಮೇಷ್ಟ್ರಿಗೆ ಅದು ಹೇಗೆ ಗೊತ್ತಾಯಿತೋ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೀಸೆ ತೀಡಿಕೊಂಡು ಹತ್ತು ಗಂಟೆಗೇ ಹಾಜರಾದರು.

ಫೋಟೋಗ್ರಾಫರ್ ಅವರನ್ನು ಕಂಡದ್ದೇ ಖುಷಿಯಾದ. “ಬನ್ನಿ ಯಜಮಾನ್ರೇ, ನೀವು ಮಧ್ಯೆ ನಿಲ್ಲಿ. ಹೆಂಗಸರು ಎರಡೂ ಕಡೆ ಬರಲಿ.”

ಮೇಷ್ಟ್ರು ಎದೆ ಸೆಟೆಸಿ ಕಿಟಕಿಯ ಮುಂದೆ ನಿಂತರು. ಅಲ್ಲೇ ಮೇಜಿನ ಮೇಲೆ ದೊಡ್ಡಮ್ಮ ಹೊಸಬಳ ಜೊತೆ ಬಾಗಿ, ಬಿಚ್ಚಿದ ಸುರುಳಿಯ ಸುತ್ತುಗಳನ್ನು ಎಣಿಸಲು ಹೇಳಿಕೊಡುತ್ತಿದ್ದಳು. ನೆರಳು ಬಂದು ಮೇಜಿನ ಮೇಲೆ ಬಿತ್ತು.

“ರೀ,” ಎಂದಳು, ತಲೆಯೆತ್ತದೆ. “ಸ್ವಲ್ಪ ಆ ಕಡೆ ಸರಿದು ನಿಲ್ಲಿ. ಬೆಳಕಿಗೆ ಅಡ್ಡ ಬಂದಿದೀರಿ.”

ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ಮೇಷ್ಟ್ರು ಮಗನ ಕಡೆ ನೋಡಿದರು. ಮಗ ತಕ್ಷಣ ಮೋಟಾರಿನೊಳಗೆ ಮುಖ ಹುದುಗಿಸಿದ. ಸೊಸೆಯ ಕಡೆ ನೋಡಿದರು. ಅವಳು ವಾರ್ನಿಷ್ ಡಬ್ಬಿಯ ಮುಚ್ಚಳ ತಿರುಗಿಸುತ್ತ ಅವರನ್ನೇ ನೋಡುತ್ತಿದ್ದಳು.

ಮೇಷ್ಟ್ರು ಒಂದು ಹೆಜ್ಜೆ ಸರಿದರು.

“ಇನ್ನೂ ಸ್ವಲ್ಪ.”

ಇನ್ನೆರಡು ಹೆಜ್ಜೆ ಸರಿದು ಗೋಡೆಗೆ ತಾಗಿ ನಿಂತರು. ಬಿಸಿಲು ಮೇಜಿನ ಮೇಲೆ ಹರಡಿಕೊಂಡಿತು. ಕ್ಯಾಮೆರಾದವನು ಯಾರನ್ನು ಹಿಡಿಯಬೇಕೆಂದು ತಿಳಿಯದೆ ಅತ್ತಿತ್ತ ನೋಡುತ್ತಿದ್ದ.

“ಈಗ ಕಾಣ್ತಿದೆಯಲ್ಲ?” ಎಂದಳು ದೊಡ್ಡಮ್ಮ ಹೊಸಬಳಿಗೆ. “ಎಣಿಸು. ಜೋರಾಗಿ ಎಣಿಸು, ಎಲ್ಲರಿಗೂ ಕೇಳಲಿ.”